ಅರವತ್ತಮೂರನೆಯ ಹಾಳೆ

ಪುರಸಭೆ ಕಚೇರಿ, ಪತ್ರ ವಿಭಾಗ
ಜೂನ್ 3

ಪ್ರೀತಿಯ ಮಾವ,

ನಿಮ್ಮ ಇಲಾಖೆಯ ಕಾಗದ ನಿನ್ನೆ ಬಂತು. ಸಹಿ ಮುಖ್ಯ ಎಂಜಿನಿಯರರದು. ಆದರೆ ಬರೆದವನು ನೀನೆಂದು ಎರಡನೇ ಸಾಲಿಗೇ ಗೊತ್ತಾಯಿತು. ‘ಪುರಸಭೆಯ ವಾದವನ್ನು ಆಸಕ್ತಿಯಿಂದ ಓದಲಾಯಿತು’ ಎಂದು ರಸ್ತೆ ಇಲಾಖೆಯಲ್ಲಿ ಬೇರೆ ಯಾರು ಬರೆಯುತ್ತಾರೆ? ನಮ್ಮ ಮುಖ್ಯಾಧಿಕಾರಿ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ‘ಇದು ಹೊಗಳಿದ್ದೋ ಬೈದದ್ದೋ ಸ್ವಲ್ಪ ನೋಡಮ್ಮ’ ಎಂದು ನನ್ನ ಮುಂದಿಟ್ಟರು. ಎರಡೂ ಹೌದು ಎನ್ನುವ ಧೈರ್ಯ ಬರಲಿಲ್ಲ. ‘ಉತ್ತರ ಬರೆಯುತ್ತೇನೆ ಸರ್’ ಎಂದೆ. ಅಷ್ಟಕ್ಕೇ ಕಿವಿ ಬಿಸಿಯಾಯಿತು.

ಉತ್ತರ ಬರೆದಿದ್ದೇನೆ. ಇದರ ಜೊತೆಗೇ ಹೊರಡುತ್ತದೆ. ಎರಡನೇ ಪ್ಯಾರಾ ನೋಡಿ ನೀನು ನಗಬೇಕು.

ನೀನು ನನ್ನ ಮಾವ ಎಂದು ಇಲ್ಲಿ ಯಾರಿಗೂ ಹೇಳಿಲ್ಲ. ಯಾರೂ ಕೇಳಲಿಲ್ಲ, ನಾನಾಗಿ ಹೇಳುವ ಪೈಕಿ ಅಲ್ಲವೆಂಬುದು ನಿನಗೆ ಗೊತ್ತು. ಸೇರಿ ನಾಲ್ಕು ತಿಂಗಳಾಯಿತು. ಸಾಹಿತ್ಯ ಓದಿದವಳೆಂದು ಕಾಗದ ಬರೆಯುವ ಕೆಲಸಕ್ಕೆ ಹಾಕಿದರು, ಕಾಗದವೆಲ್ಲ ಒಂದೇ ರಸ್ತೆಯ ಮೇಲೆ. ಬಸ್ ಡಿಪೋದಿಂದ ಕಲ್ಲು ಸೇತುವೆಯವರೆಗಿನ ಎರಡೂವರೆ ಕಿಲೋಮೀಟರ್. ಅದು ಊರಾಚೆ ಇದ್ದ ಕಾಲದಲ್ಲಿ ರಾಜ್ಯದ ಇಲಾಖೆ ಹಾಕಿಸಿತು. ಊರು ಬೆಳೆದು ಅದನ್ನು ಒಳಗೆ ಎಳೆದುಕೊಂಡಿತು. ಈಗ ನೀವು ಹೇಳುವುದು, ಊರೊಳಗಿನ ರಸ್ತೆ ಊರಿನದು, ಮೊದಲು ಒಪ್ಪಿಕೊಳ್ಳಿ, ಅನುದಾನದ ಮಾತು ಆಮೇಲೆ. ನಾವು ಹೇಳುವುದು, ಮೊದಲು ಅನುದಾನ, ಆಮೇಲೆ ಒಪ್ಪಿಗೆ. ನಾಲ್ಕು ವರ್ಷದಲ್ಲಿ ಬದಲಾದದ್ದು ಕಾಗದದ ಗಾತ್ರ, ಗುಂಡಿಯ ಗಾತ್ರ. ಕಳೆದ ವಾರ ಹೆರಿಗೆ ಆಸ್ಪತ್ರೆಯ ದಾದಿ ಹಿಟ್ಟಿನ ಗಿರಣಿಯ ಮುಂದೆ ಸ್ಕೂಟರ್ ಸಮೇತ ಬಿದ್ದು ಮೊಣಕೈ ಮುರಿದುಕೊಂಡರು.

ನಿಮ್ಮ ಹೊಸ ಸುತ್ತೋಲೆ ಬಂದ ಮೇಲಂತೂ ಒಬ್ಬರೂ ಅದನ್ನು ಮುಟ್ಟುವಂತಿಲ್ಲ. ‘ವಿವಾದಿತ ರಸ್ತೆಯಲ್ಲಿ ಯಾವ ಸಂಸ್ಥೆ ಮೊದಲು ದುರಸ್ತಿ ಕೈಗೊಳ್ಳುವುದೋ ಆ ಸಂಸ್ಥೆ ನಿರ್ವಹಣೆಯನ್ನು ಒಪ್ಪಿಕೊಂಡಂತೆ.’ ಮುಖ್ಯಾಧಿಕಾರಿ ರಸ್ತೆ ಕೆಲಸದವರನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ, ‘ಆ ರಸ್ತೆಗೆ ಒಂದು ಬುಟ್ಟಿ ಮಣ್ಣೂ ಬೀಳಬಾರದು’ ಎಂದರು.

‘ಉಗುಳಬಹುದಾ ಸಾರ್?’ ಎಂದು ಹಿಂದಿನಿಂದ ಯಾರೋ ಕೇಳಿದರು.

‘ಗುಂಡಿ ತುಂಬದಷ್ಟು ಉಗುಳು’ ಎಂದರು ಮುಖ್ಯಾಧಿಕಾರಿ.

ಕೇಳಿದವರು ಡಾಂಬರಣ್ಣ. ಮೂವತ್ತೊಂದು ವರ್ಷದಿಂದ ರಸ್ತೆ ಕೆಲಸದಲ್ಲಿದ್ದಾರೆ, ಹಾಜರಿ ಪುಸ್ತಕ ಬಿಟ್ಟರೆ ಅವರ ನಿಜವಾದ ಹೆಸರು ಎಲ್ಲೂ ಇಲ್ಲ. ತುಂಬೋಣವೆಂದರೂ ನಮ್ಮಲ್ಲಿ ಏನಿದೆ? ಮೂರು ವರ್ಷದಿಂದ ಒಂದು ಡಬ್ಬಿ ಡಾಂಬರು ಕೊಂಡಿಲ್ಲ, ತಳ್ಳುಗಾಡಿಗಳು ಚಕ್ರವಿಲ್ಲದೆ ಗೋಡೆಗೆ ಒರಗಿವೆ. ನಿಮ್ಮ ಇಲಾಖೆ ಎಂದೋ ಸೇತುವೆಯ ಬಳಿ ಸುರಿದ ಜಲ್ಲಿಯ ರಾಶಿಯ ಮೇಲೆ ಹುಲ್ಲು ಬೆಳೆದು, ಕತ್ತೆಗಳು ಅದನ್ನು ಗುಡ್ಡವೆಂದು ತಿಳಿದಿವೆ.

ರವಾನೆ ಗುಮಾಸ್ತರು, ‘ಹೇಗೂ ಅದೇ ಕಚೇರಿಗೆ ಲಕೋಟೆ ಹೋಗ್ತಿದೆ, ಸ್ಟಾಂಪು ಯಾಕೆ ದಂಡ’ ಎಂದರು. ಯಾರಿಗೆ ಬರೆಯುತ್ತೀಯೆಂದು ಅವರೂ ಕೇಳಲಿಲ್ಲ. ಅದಕ್ಕೇ ಇದು ಸರ್ಕಾರಿ ಸವಾರಿಯಲ್ಲಿ ಬರುತ್ತಿದೆ.

ಅತ್ತೆಗೆ ನಮಸ್ಕಾರ.

ನಿನ್ನ
ಮೌನಿ

---

ರಾಜಧಾನಿ, ಮನೆಯಿಂದ
ಜೂನ್ 11

ಮೌನಿ,

ಎರಡನೇ ಪ್ಯಾರಾ ನೋಡಿ ನಕ್ಕೆ. ಆಮೇಲೆ ಅದಕ್ಕೆ ಉತ್ತರ ಬರೆಯಬೇಕಾದವನು ನಾನೇ ಎಂದು ನೆನಪಾಗಿ ನಗು ನಿಲ್ಲಿಸಿದೆ. ‘ರಸ್ತೆಯು ಅನಾಥವಾಗಿದೆ’ ಎಂದು ಬರೆದಿದ್ದೀ. ಸರ್ಕಾರಿ ಕಾಗದದಲ್ಲಿ ಅನಾಥ ಎನ್ನಬೇಡ. ಅನಾಥರಿಗೆ ಬೇರೆ ಇಲಾಖೆಯಿದೆ, ಕಡತ ಅಲ್ಲಿಗೆ ಹೋದರೆ ಇನ್ನು ನಾಲ್ಕು ವರ್ಷ.

ಸುತ್ತೋಲೆ ಬರೆದವನೂ ನಾನೇ. ಅದು ನಿನಗೆ ತಿಳಿಯಬೇಕು. ಮೇಲಿನವರು ಹೇಳಿದರು, ನಾನು ವಾಕ್ಯ ಕಟ್ಟಿದೆ. ಕಟ್ಟುವಾಗ ಅದು ಚೆನ್ನಾಗಿದೆ ಅನ್ನಿಸಿತ್ತು. ಇಂಥ ವಾಕ್ಯಕ್ಕೆ ಸಿಕ್ಕಿ ದಾದಿಯ ಮೊಣಕೈ ಮುರಿಯುತ್ತದೆಂದು ಅನ್ನಿಸಲಿಲ್ಲ. ನಾನು ಕಾಗದದ ಮನುಷ್ಯ, ಆ ರಸ್ತೆಯನ್ನು ನೋಡಿಯೇ ಇಲ್ಲ.

ನಿನ್ನ ಸರ್ಕಾರಿ ಸವಾರಿಯ ಕಥೆ ಕೇಳು. ನಮ್ಮಲ್ಲಿ ಕಚೇರಿಯ ಲಕೋಟೆಗಳನ್ನು ಒಡೆಯುವುದು ಟಪಾಲು ವಿಭಾಗದ ಒಬ್ಬ ಹೆಂಗಸು. ಮೊಹರಮ್ಮ ಎಂದರೇ ಎಲ್ಲರಿಗೂ ಗೊತ್ತು. ಲಕೋಟೆಯೊಳಗೆ ಏನೇ ಇರಲಿ, ಮೊಹರು ಒತ್ತಿ ನಂಬರು ಹಾಕಿ ಸಂಬಂಧಪಟ್ಟ ಕಡತಕ್ಕೆ ಸೇರಿಸುತ್ತಾಳೆ. ಹಿಂದೊಮ್ಮೆ ಯಾರದೋ ಮದುವೆಯ ಕರೆಯೋಲೆಗೂ ನಂಬರು ಬಿದ್ದು, ಅದು ಇವತ್ತಿಗೂ ‘ಕ್ರಮ ಬಾಕಿ’ ಪಟ್ಟಿಯಲ್ಲಿದೆ. ವರನಿಗೆ ಈಗ ಇಬ್ಬರು ಮಕ್ಕಳು. ನಿನ್ನ ಕಾಗದಕ್ಕೆ ಅವಳು ಮೊಹರು ಎತ್ತಿದ್ದಳು. ನಾನು ಅಲ್ಲೇ ಟೀ ಕುಡಿಯುತ್ತ ನಿಂತಿದ್ದೆ, ಕೈ ಹಾಕಿ ಎಳೆದುಕೊಂಡೆ. ‘ನಿಮ್ಮದಾ?’ ಎಂದಳು. ‘ನಮ್ಮ ಅಕ್ಕನ ಮಗಳದು’ ಎಂದೆ. ‘ಹಾಗಾದ್ರೆ ಬದುಕ್ತು’ ಎಂದಳು.

ಮುಂದಿನ ವಾರದಿಂದ ನಾನು ಕೆಲವು ದಿನ ರಜೆ. ವಿಶೇಷವೇನಿಲ್ಲ, ರಜೆ ಉಳಿದಿದೆ, ಖರ್ಚು ಮಾಡಬೇಕು. ನಿನ್ನ ಅಮ್ಮನಿಗೆ ಇದನ್ನೆಲ್ಲ ಹೇಳುವ ಅಗತ್ಯವಿಲ್ಲ.

ಕಾಗದ ಬರೆಯುತ್ತಿರು. ಕಚೇರಿಯಲ್ಲಿ ಓದಲು ಯೋಗ್ಯವಾದದ್ದು ನಿನ್ನದೊಂದೇ.

ಮಾವ

---

ಸೈಕಲ್ ಅಂಗಡಿಯ ಮೇಲಿನ ಕೋಣೆ
ಜೂನ್ 23

ಪ್ರೀತಿಯ ಮಾವ,

ನಿನ್ನೆ ನೋಡಿದ್ದನ್ನು ಯಾರಿಗಾದರೂ ಹೇಳಬೇಕು. ಇಲ್ಲಿ ಹೇಳುವಂತಿಲ್ಲ, ಆದ್ದರಿಂದ ನಿನಗೆ.

ನನ್ನ ಕೋಣೆ ಅದೇ ರಸ್ತೆಯಲ್ಲಿ ಸೈಕಲ್ ಅಂಗಡಿಯ ಮೇಲಿದೆ. ಭಾನುವಾರ ಬೆಳಗ್ಗೆ ಆರಕ್ಕೆ ಕಿಟಕಿ ತೆರೆದರೆ, ಹಿಟ್ಟಿನ ಗಿರಣಿಯ ಮುಂದೆ ಒಬ್ಬರು ಮಂಡಿಯೂರಿ ಕುಳಿತಿದ್ದಾರೆ. ಡಾಂಬರಣ್ಣ. ದಾದಿ ಬಿದ್ದ ಗುಂಡಿಯನ್ನು ಗಾಯ ತೊಳೆಯುವ ಹಾಗೆ ಗುಡಿಸಿ, ಅಂಚನ್ನು ಚಚ್ಚೌಕವಾಗಿ ಕಡಿದು, ಕಲ್ಲು ಜೋಡಿಸುತ್ತಿದ್ದರು. ಪಕ್ಕದಲ್ಲಿ ಪುರಸಭೆಯ ಹಳದಿ ತಳ್ಳುಗಾಡಿ, ಒಲೆಯ ಮೇಲೆ ನೇರಳೆ ಬಣ್ಣಕ್ಕೆ ತಿರುಗಿ ಕುದಿಯುವ ಡಾಂಬರು. ಪುರಸಭೆಯ ಗಾಡಿ, ಪುರಸಭೆಯ ಡಾಂಬರು, ಪುರಸಭೆಯ ಕೈ. ನಾಲ್ಕು ವರ್ಷದ ಕಾಗದಗಳಿಗೆ ಆಗದ್ದನ್ನು ಈ ಮೂರೂ ಸೇರಿ ಒಂದು ಬೆಳಗಿನಲ್ಲಿ ಮಾಡುತ್ತಿದ್ದವು.

ಅವರು ತಲೆ ಎತ್ತಿದರು. ನಾನು ಸರಕ್ಕನೆ ಕಿಟಕಿಯಿಂದ ಹಿಂದೆ ಸರಿದೆ. ತಪ್ಪು ಮಾಡುತ್ತಿದ್ದವರು ಅವರು, ಅವಿತುಕೊಂಡವಳು ನಾನು.

ಇದು ಮೊದಲ ಭಾನುವಾರವಲ್ಲ. ಕಚೇರಿಗೆ ನಡೆದು ಹೋಗುವಾಗ ಎಣಿಸುತ್ತಿದ್ದೇನೆ. ಮೂರು ವಾರದಲ್ಲಿ ಹನ್ನೊಂದು ಗುಂಡಿ ಮುಚ್ಚಿವೆ. ಇವತ್ತು ಕಾರಿಡಾರಿನಲ್ಲಿ ಎದುರಾದರು. ಬೇರೆ ಯಾರೂ ಇರಲಿಲ್ಲ. ‘ಯಾಕೆ?’ ಎಂದಷ್ಟೇ ಕೇಳಿದೆ. ಅವರಿಗೆ ಅರ್ಥವಾಯಿತು.

‘ಗೋಡೆ ಮೇಲೆ ಓರೆಯಾಗಿ ನೇತಾಕಿದ ಫೋಟೋ ಕಂಡ್ರೆ ನಿಮ್ಮ ಕೈ ಸುಮ್ನಿರತ್ತಾ ಮೇಡಂ?’ ಎಂದು ಹೋಗಿಬಿಟ್ಟರು.

ಇಷ್ಟು ಚೆನ್ನಾದ ಉತ್ತರ ನನ್ನ ಯಾವ ಕಾಗದದಲ್ಲೂ ಇಲ್ಲ. ಅವರ ನಿವೃತ್ತಿಗೆ ಇನ್ನು ಏಳು ತಿಂಗಳಂತೆ. ಮುಖ್ಯಾಧಿಕಾರಿಗೆ ಏನೂ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಎಂದಿನ ಸವಾರಿಯಲ್ಲೇ ಇದನ್ನೂ ಕಳುಹಿಸುತ್ತಿದ್ದೇನೆ. ನಿನ್ನ ರಜೆ ಇಷ್ಟರಲ್ಲಿ ಮುಗಿದಿರಬೇಕು, ಟೀ ಕುಡಿಯುತ್ತ ಅಲ್ಲೇ ನಿಂತಿರು.

ಮೌನಿ

---

ಜುಲೈ 9

ಮಾನ್ಯರೇ,

ಜೂನ್ 23ರ ನನ್ನ ಕಾಗದಕ್ಕೆ ತಮ್ಮಿಂದ ಉತ್ತರ ಬಂದಿಲ್ಲ. ಉತ್ತರ ನಿನ್ನೆ ಪುರಸಭೆಗೆ ಬಂತು.

ತಮ್ಮ ಇಲಾಖೆಯ ಪತ್ರದ ನಾಲ್ಕನೇ ಪ್ಯಾರಾ: ‘ಪುರಸಭೆಯ ಗಾಡಿ, ಪುರಸಭೆಯ ಡಾಂಬರು ಹಾಗೂ ಪುರಸಭೆಯ ಸಿಬ್ಬಂದಿಯಿಂದ ಹನ್ನೊಂದು ಗುಂಡಿಗಳನ್ನು ಮುಚ್ಚಲಾಗಿರುವುದು ದಾಖಲೆಯಿಂದ ದೃಢಪಟ್ಟಿರುತ್ತದೆ. ಆದ್ದರಿಂದ ಸದರಿ ರಸ್ತೆಯ ನಿರ್ವಹಣೆಯನ್ನು ಪುರಸಭೆಯು ಒಪ್ಪಿಕೊಂಡಂತೆ ಪರಿಗಣಿಸಿ, ಅನುದಾನದ ಬೇಡಿಕೆಯನ್ನು ಮುಕ್ತಾಯಗೊಳಿಸಲಾಗಿದೆ.’ ‘ಕೈ’ ಎಂಬುದನ್ನು ‘ಸಿಬ್ಬಂದಿ’ ಎಂದು ತಿದ್ದಿದ್ದೀರಿ. ಉಳಿದದ್ದು ನನ್ನ ವಾಕ್ಯ.

ಮುಖ್ಯಾಧಿಕಾರಿ ಅದನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸಿದರು. ‘ಯಾರು ನೋಡಿದ್ದು? ಯಾರು ಹೇಳಿದ್ದು?’ ಎಂದು ಎಲ್ಲರನ್ನೂ ಕೇಳಿದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಮುಖ ಯಾರೂ ನೋಡಲಿಲ್ಲ. ನಾನು ಮಾತಾಡದವಳೆಂದು ಹೆಸರಾಗಿರುವುದರ ಲಾಭ ಅದು. ಡಾಂಬರಣ್ಣ ಮಾತ್ರ, ‘ತುಂಬಿದ್ದು ನಾನೇ ಸಾರ್’ ಎಂದರು.

ಅವರನ್ನು ಅಮಾನತು ಮಾಡಲಾಗಿದೆ. ಎರಡು ಆರೋಪ: ಪುರಸಭೆಯ ಸಾಮಗ್ರಿಯ ದುರ್ಬಳಕೆ, ಆದೇಶದ ಉಲ್ಲಂಘನೆ. ರುಜುವಾತಾದರೆ ಕೆಲಸ ಹೋಗುತ್ತದೆ, ಮೂವತ್ತೊಂದು ವರ್ಷದ ಪಿಂಚಣಿಯೂ ಹೋಗುತ್ತದೆ. ಅಮಾನತಿನ ಆದೇಶದ ಕರಡು ಬರೆದವಳು ನಾನು. ಅದು ನನ್ನ ಕೆಲಸ.

ತಾವು ರಜೆಯಲ್ಲಿರುವುದಾಗಿ ಬರೆದಿದ್ದಿರಿ. ರಜೆ ಚೆನ್ನಾಗಿ ಕಳೆಯಿತೆಂದು ಭಾವಿಸುತ್ತೇನೆ. ಇದು ಸ್ಟಾಂಪು ಅಂಟಿಸಿ ತಮ್ಮ ಮನೆಯ ವಿಳಾಸಕ್ಕೆ ಬರುತ್ತಿದೆ.

ಇಂತಿ,
ಪತ್ರ ವಿಭಾಗದ ಗುಮಾಸ್ತೆ

---

ರಾಜಧಾನಿ
ಜುಲೈ 19

ಮೌನಿ,

ನೀನು ತೊದಲು ಮಾತು ಕಲಿತ ದಿನದಿಂದ ನನ್ನನ್ನು ‘ನೀನು’ ಎಂದವಳು. ‘ತಾವು’ ಎಂದದ್ದನ್ನು ಗಮನಿಸಿದ್ದೇನೆ. ಅದರ ಬಗ್ಗೆ ಇಷ್ಟೇ.

ನಡೆದದ್ದು ಹೀಗೆ. ನಾನು ಹದಿನಾರು ದಿನ ಕಚೇರಿಗೆ ಹೋಗಲಿಲ್ಲ. ನಿನ್ನ ಕಾಗದ ಜೂನ್ 26ಕ್ಕೆ ಬಂದಿದೆ. ಟಪಾಲು ವಿಭಾಗದಲ್ಲಿ ಮೊಹರು ಬಿದ್ದು, 2117 ಎಂದು ನಂಬರಾಗಿ, ರಸ್ತೆಯ ಕಡತಕ್ಕೆ ಹೋಗಿದೆ. ನನ್ನ ಜಾಗದಲ್ಲಿದ್ದವನು ಹೊಸಬ, ಚುರುಕು. ಅದನ್ನು ಮೇಲಕ್ಕೆ ಮಂಡಿಸಿ ಉತ್ತರದ ಕರಡನ್ನೂ ಮಾಡಿದ್ದಾನೆ. ಕಡತದಲ್ಲಿ ಈಗ ಅದು ಅರವತ್ತಮೂರನೆಯ ಹಾಳೆ. ಪುಟದ ಸಂಖ್ಯೆ ಬಿದ್ದ ಹಾಳೆಯನ್ನು ಯಾರೂ ತೆಗೆಯುವಂತಿಲ್ಲ. ನಾನು ಬಂದ ದಿನವೇ ಕೇಳಿದೆ. ಮೊಹರಮ್ಮ, ‘ನೀವು ಇರಬೇಕಿತ್ತು ಸಾರ್’ ಎಂದಳು. ಮಾತು ಸರಿ.

ಇನ್ನೊಂದು ವಿಷಯ. ಮುಖ್ಯ ಎಂಜಿನಿಯರರು ನನ್ನನ್ನು ಕರೆದು ಬೆನ್ನು ತಟ್ಟಿದರು. ಎದುರಾಳಿಗಳ ಕಚೇರಿಯಲ್ಲೇ ನಮ್ಮವಳನ್ನು ಇಟ್ಟಿದ್ದೀರಲ್ಲ, ಭೇಷ್, ಎಂದರು. ಹಾಗಲ್ಲವೆಂದು ನಾನು ಹೇಳಲಿಲ್ಲ. ಇದನ್ನು ನಿನಗೆ ತಿಳಿಸದೆ ಇರಬಹುದಿತ್ತು.

ಈಗ ನನ್ನ ಒಂದು ಪ್ರಶ್ನೆ. ಐದನೇ ಕ್ಲಾಸಿನಲ್ಲಿ ನೀನು ‘ನಮ್ಮ ಮನೆಯ ಬಾವಿ’ ಎಂದು ಪ್ರಬಂಧ ಬರೆದು ಬಹುಮಾನ ತಂದಿದ್ದೆ. ಬಾವಿಯ ಗಡಗಡೆಯ ಸದ್ದು, ತಳದಲ್ಲಿ ಕಾಣುವ ಆಕಾಶ, ಎಲ್ಲ ಇತ್ತು. ನಮ್ಮ ಮನೆಯಲ್ಲಿ ಬಾವಿ ಇರಲಿಲ್ಲ. ಹೇಳಿಕೊಟ್ಟವನು ನಾನೇ ಎಂದು ನಿನ್ನ ಅಮ್ಮ ನನ್ನನ್ನು ಬೈದಳು. ನಾನು ಹೇಳಿಕೊಟ್ಟಿರಲಿಲ್ಲ.

ಜೂನ್ 3ರಂದು ನೀನೇ ಬರೆದಿದ್ದೀ, ಪುರಸಭೆ ಮೂರು ವರ್ಷದಿಂದ ಡಾಂಬರು ಕೊಂಡಿಲ್ಲ, ಗಾಡಿಗಳಿಗೆ ಚಕ್ರವಿಲ್ಲ ಎಂದು. ಜೂನ್ 23ಕ್ಕೆ ಗಾಡಿ ಎಲ್ಲಿಂದ ಬಂತು? ಡಾಂಬರು ಎಲ್ಲಿಂದ ಬಂತು? ಆ ಗಾಡಿ ಹಳದಿಯೇ, ಮೌನಿ?

ಉತ್ತರ ನನಗೊಬ್ಬನಿಗೇ ಆದರೆ ಮನೆಗೆ ಬರೆ. ಕಚೇರಿಯ ಲಕೋಟೆಯಲ್ಲಿ ಬಂದರೆ ಏನಾಗುತ್ತದೆಂದು ಈಗ ನಿನಗೆ ಗೊತ್ತು. ಯಾವುದು ಸರಿಯೆಂದು ನಾನು ಹೇಳುವುದಿಲ್ಲ. ಅಕ್ಷರ ದೊಡ್ಡದಾಗಿದ್ದರೆ ತಪ್ಪು ತಿಳಿಯಬೇಡ, ಪೆನ್ನು ಸರಿಯಿಲ್ಲ.

ಮಾವ

---

ಪುರಸಭೆ ಕಚೇರಿ, ಪತ್ರ ವಿಭಾಗ
ಜುಲೈ 28

ಮಾವ,

ಇದು ಕಚೇರಿಯ ಲಕೋಟೆಯಲ್ಲಿ ಬರುತ್ತಿದೆ. ನೀನು ಟಪಾಲು ವಿಭಾಗದಲ್ಲಿದ್ದರೂ ಕೈ ಹಾಕಬೇಡ. ಮೊಹರು ಬೀಳಲಿ.

ಜೂನ್ 23ರ ನನ್ನ ಕಾಗದದಲ್ಲಿ, ಅಂದರೆ ತಮ್ಮ ಇಲಾಖೆಯ ಕಡತದ ಅರವತ್ತಮೂರನೆಯ ಹಾಳೆಯಲ್ಲಿ, ಸುಳ್ಳಿದೆ. ನಾನು ಕಿಟಕಿಯಿಂದ ನೋಡಿದ್ದು ಎರಡು ನಿಮಿಷ. ಡಾಂಬರಣ್ಣ ಮಂಡಿಯೂರಿ ಕುಳಿತದ್ದು, ಗುಡಿಸಿದ್ದು, ಅಂಚು ಕಡಿದದ್ದು, ಕಲ್ಲು ಜೋಡಿಸಿದ್ದು ಕಂಡೆ. ಒಂದು ಹೊಗೆ ಕಂಡೆ. ಗಾಡಿ ಕಾಣಲಿಲ್ಲ. ಪಾತ್ರೆಯಲ್ಲಿ ಏನಿತ್ತೆಂದು ಕಾಣಲಿಲ್ಲ. ‘ಪುರಸಭೆಯ’ ಎಂದು ಮೂರು ಸಲ ಬಂದರೆ ವಾಕ್ಯ ಚೆನ್ನಾಗಿರುತ್ತದೆಂದು ಸೇರಿಸಿದೆ. ಹಳದಿ ಬಣ್ಣವೂ ನಾನೇ ಸೇರಿಸಿದ್ದು.

ನಿಜವನ್ನು ತಿಳಿಯಲು ನಿನ್ನೆ ಡಾಂಬರಣ್ಣನವರ ಮನೆಗೆ ಹೋದೆ. ಬಾಗಿಲ ಮುಂದೆ ನಿಂತು ತಟ್ಟಲಾಗದೆ ಎರಡು ಸಲ ಬೀದಿಯ ಕೊನೆಗೆ ಹೋಗಿ ಬಂದೆ. ಮೂರನೇ ಸಲ ಅವರ ಹೆಂಡತಿಯೇ ಬಾಗಿಲು ತೆಗೆದು, ‘ಅಳತೆ ತಗೊಳ್ತಿದ್ದೀರಾ? ಈ ಬೀದಿಗೂ ಕೇಸಾ?’ ಎಂದರು.

ಒಳಗೆ ಕೂತು ಹೇಳಿದೆ. ಬರೆದವಳು ನಾನು ಎಂದೆ. ಡಾಂಬರಣ್ಣ, ‘ಏನಂತ ಬರೆದ್ರಿ? ಹೇಳಿ ನೋಡೋಣ’ ಎಂದರು. ಬಾಯಿಪಾಠವಿತ್ತು. ಹೇಳಿದೆ.

‘ಚೆನ್ನಾಗಿದೆ’ ಎಂದರು. ‘ಆದ್ರೆ ಮೇಡಂ, ಡಾಂಬರು ನೇರಳೆ ಬಣ್ಣಕ್ಕೆ ಬಂದ್ರೆ ಅದನ್ನ ಚರಂಡಿಗೆ ಚೆಲ್ಲಬೇಕು. ಅದು ಸೀದುಹೋಗಿರೋದು. ಮೂವತ್ತೊಂದು ವರ್ಷ ಕೆಲಸ ಮಾಡಿದವನು ಹಾಗೆ ಕಾಯಿಸ್ತಾನಾ? ಕೆಲಸ ಹೋಗೋದು ಇರಲಿ, ಅದನ್ನ ಓದಿದವರು ನನ್ನ ಬಗ್ಗೆ ಏನಂದ್ಕೋಬೇಕು?’

‘ನೀವು ಬರೆದಿದ್ದೂ ಚೆನ್ನಾಗಿದೆಯಂತೆ, ಇವರು ತುಂಬಿದ್ದೂ ಚೆನ್ನಾಗಿದೆಯಂತೆ’ ಎಂದರು ಅವರ ಹೆಂಡತಿ. ‘ದಿನಾ ಮನೇಲಿ ಕೂತು ನನ್ನ ಒಲೆ ಹೇಗೆ ಉರೀಬೇಕು ಅಂತ ಹೇಳಿಕೊಡ್ತಾರೆ. ಅದೊಂದು ಚೆನ್ನಾಗಿಲ್ಲ.’

ತುಂಬಿದ್ದು ಯಾವುದರಿಂದ ಎಂದು ಈವರೆಗೆ ಅವರನ್ನು ಯಾರೂ ಕೇಳಿರಲಿಲ್ಲ. ಅವರು ತೋರಿಸಿದ್ದನ್ನು, ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

ಜಲ್ಲಿ ಸೇತುವೆಯ ಬಳಿಯ ರಾಶಿಯದು. ಅದು ರಾಜ್ಯದ ರಸ್ತೆ ಇಲಾಖೆ ಸುರಿದದ್ದು. ಎರಡು ಸಿಮೆಂಟ್ ಚೀಲದಲ್ಲಿ ತುಂಬಿ, ತಮ್ಮ ಸೈಕಲ್ಲಿನ ಎರಡೂ ಬದಿಗೆ ಕಟ್ಟಿಕೊಂಡು ತಂದರು. ಹೊಸ ಡಾಂಬರು ಬಳಸಿಲ್ಲ. ಅದೇ ರಸ್ತೆಯ ಅಂಚಿನಲ್ಲಿ ಒಡೆದು ಬಿದ್ದಿದ್ದ ಹಳೆಯ ಡಾಂಬರಿನ ಚೂರುಗಳನ್ನು ಆರಿಸಿ, ಎಣ್ಣೆಯ ಹಳೆಯ ತಗಡಿನ ಡಬ್ಬದಲ್ಲಿ ಸೌದೆ ಹಾಕಿ ಬಿಸಿ ಮಾಡಿ, ಮೆತ್ತಗಾದ ಮೇಲೆ ಜಲ್ಲಿಯ ಮೇಲೆ ಹಾಸಿ ತಟ್ಟಿದರು. ತಟ್ಟಿದ ದಿಮ್ಮಸು ಅವರ ಸ್ವಂತದ್ದು, ಮನೆಯ ಹಿಂದೆ ಇದೆ. ನಾನು ನೋಡಿದೆ, ಎತ್ತಲು ಆಗಲಿಲ್ಲ. ಡಬ್ಬವನ್ನೂ ನೋಡಿದೆ. ಪುರಸಭೆಯ ಯಾವ ವಸ್ತುವೂ ಬಳಕೆಯಾಗಿಲ್ಲ. ಮೂರು ದಿನವೂ ಭಾನುವಾರ, ಅವರ ರಜೆಯ ದಿನ. ಆದ್ದರಿಂದ ಕೈಯೂ ಆ ದಿನ ಪುರಸಭೆಯದಲ್ಲ.

ಇದರ ಒಂದು ಪ್ರತಿಯನ್ನು ಇವತ್ತು ಬೆಳಗ್ಗೆ ಮುಖ್ಯಾಧಿಕಾರಿಯ ಮೇಜಿನ ಮೇಲೆ ಇಟ್ಟೆ. ನೀನು ನನ್ನ ಮಾವ ಎಂದೂ ಹೇಳಿದೆ. ಅವರು ಓದಿ, ‘ಆರು ತಿಂಗಳು ಬಾಯಿ ಬಿಡ್ಲಿಲ್ಲ. ಬಿಟ್ಟಿದ್ದೇ ಬಿಟ್ಟಿದ್ದು, ನೋಡು’ ಎಂದರು. ಅದಕ್ಕಿಂತ ಹೆಚ್ಚು ಇನ್ನೂ ಏನೂ ಹೇಳಿಲ್ಲ. ನಾನಿನ್ನೂ ಪರೀಕ್ಷಾ ಅವಧಿಯಲ್ಲಿದ್ದೇನೆ, ಕೆಲಸ ಕಾಯಂ ಆಗಿಲ್ಲ. ರವಾನೆ ಪುಸ್ತಕದಲ್ಲಿ ಈ ಕಾಗದವನ್ನು ನಾನೇ ಬರೆದು, ನಂಬರು ಹಾಕಿದ್ದೇನೆ.

ಇಷ್ಟು ನಿಜ.

ಮೌನಿ

---

ರಾಜಧಾನಿ, ಮನೆಯಿಂದ
ಆಗಸ್ಟ್ 14

ಮೌನಿ,

ನಂಬರು 2688. ಎಪ್ಪತ್ತೊಂದನೆಯ ಹಾಳೆ. ನಾನು ಟಪಾಲು ವಿಭಾಗದಲ್ಲೇ ನಿಂತಿದ್ದೆ, ಎರಡೂ ಕೈ ಜೇಬಿನಲ್ಲಿ. ಮೊಹರಮ್ಮ ಲಕೋಟೆ ಒಡೆದು ಅಕ್ಷರ ಗುರುತಿಸಿ, ನನ್ನ ಮುಖ ನೋಡಿ, ‘ಬೇಕಾ?’ ಎಂದಳು. ‘ಒತ್ತಿ’ ಎಂದೆ. ಅವಳು ಒಂದಲ್ಲ, ಎರಡು ಸಲ ಒತ್ತಿದಳು.

ಅದನ್ನು ಮಂಡಿಸಿದವನು ನಾನೇ. ಟಿಪ್ಪಣಿ ಮೂರೇ ಸಾಲು: ಅರವತ್ತಮೂರನೆಯ ಹಾಳೆಯನ್ನು ಆಧರಿಸಿದ ನಿರ್ಧಾರ ಎಪ್ಪತ್ತೊಂದನೆಯ ಹಾಳೆಯ ನಂತರ ನಿಲ್ಲುವುದಿಲ್ಲ, ಬಳಸಿದ ಜಲ್ಲಿ ಇಲಾಖೆಯದು, ಆದೇಶಕ್ಕಾಗಿ.

ಮುಖ್ಯ ಎಂಜಿನಿಯರರಿಗೆ ಮೊದಲು ಸಂತೋಷವೇ ಆಯಿತು. ಹಾಗಾದರೆ ಇದು ಕಳವು, ದೂರು ಕೊಡೋಣ ಎಂದರು. ಕೊಡಬಹುದು ಸರ್, ಎಂದೆ. ದೂರಿನಲ್ಲಿ ಆ ಜಲ್ಲಿಯನ್ನು ಇಲಾಖೆ ಯಾವ ರಸ್ತೆಗಾಗಿ ಅಲ್ಲಿ ಸುರಿದಿತ್ತೆಂದು ಬರೆಯಬೇಕಾಗುತ್ತದೆ, ಅಷ್ಟೇ. ಅವರು ಕಡತ ಮುಚ್ಚಿದರು. ‘ಜಲ್ಲಿ ಎಲ್ಲ ಕಡೆ ಇರುತ್ತೆ ಬಿಡಿ’ ಎಂದರು.

ಜುಲೈ ತಿಂಗಳ ಪತ್ರವನ್ನು ಹಿಂದಕ್ಕೆ ಪಡೆಯಲಾಗಿದೆ. ನಿಮ್ಮ ಅನುದಾನದ ಬೇಡಿಕೆ ಮತ್ತೆ ಜೀವಂತ. ಅಂದರೆ ಮೊದಲಿದ್ದಲ್ಲೇ ಇದೆ. ಆ ಸುತ್ತೋಲೆಯನ್ನು ರದ್ದು ಮಾಡಬೇಕೆಂದೂ ಒಂದು ಟಿಪ್ಪಣಿ ಬರೆದಿಟ್ಟಿದ್ದೇನೆ. ಆಗುವುದೆಂದು ನನಗೇನೂ ಭರವಸೆಯಿಲ್ಲ. ಕೊನೆಯ ಪಕ್ಷ ಆ ವಾಕ್ಯ ಕಟ್ಟಿದವನ ಅಭಿಪ್ರಾಯ ಕಡತದಲ್ಲಿರಲಿ.

ನನ್ನನ್ನು ಹಳೆಯ ಕಡತಗಳ ಕೋಣೆಗೆ ವರ್ಗ ಮಾಡಿದ್ದಾರೆ. ಇದೇ ಕಟ್ಟಡ, ನೆಲಮಾಳಿಗೆ. ಯಾರಿಗೂ ಕಾಗದ ಬರೆಯುವ ಕೆಲಸವಿಲ್ಲ. ಇನ್ನು ಮೇಲೆ ನಿಮ್ಮ ಪುರಸಭೆಗೆ ಬರುವ ಕಾಗದದಲ್ಲಿ ‘ಆಸಕ್ತಿಯಿಂದ’ ಎಂಬ ಪದ ಇರುವುದಿಲ್ಲ, ನಿನ್ನ ಮುಖ್ಯಾಧಿಕಾರಿಗೆ ತಿಳಿಸು.

ನಿನ್ನ ಜುಲೈ 28ರ ಕಾಗದವನ್ನು ಎರಡು ಸಲ ಓದಿದೆ. ಒಂದು ಉಪಮೆಯೂ ಇಲ್ಲ. ನೀನು ಈವರೆಗೆ ಬರೆದದ್ದರಲ್ಲಿ ಅದೇ ಒಳ್ಳೆಯದು.

ಡಾಂಬರಣ್ಣನ ವಿಚಾರಣೆ ಏನಾಯಿತು, ಬರೆ.

ಮಾವ

---

ಸೈಕಲ್ ಅಂಗಡಿಯ ಮೇಲಿನ ಕೋಣೆ
ಸೆಪ್ಟೆಂಬರ್ 20

ಪ್ರೀತಿಯ ಮಾವ,

ಅಕ್ಷರಗಳನ್ನು ದೊಡ್ಡದಾಗಿ ಬರೆಯುತ್ತಿದ್ದೇನೆ. ಅತ್ತೆ ಅಮ್ಮನಿಗೆ ಬರೆದಿದ್ದಾರೆ. ಹದಿನಾರು ದಿನದ ರಜೆ ಎಡಗಣ್ಣಿನ ಆಪರೇಷನ್ನಿಗೆಂದು ಈಗ ಗೊತ್ತಾಯಿತು. ಕಣ್ಣಿನ ಪಟ್ಟಿ ಆಗಷ್ಟೇ ಬಿಚ್ಚಿದವನಿಗೆ ನಾನು ‘ಮಾನ್ಯರೇ’ ಎಂದು ಬರೆದೆ. ನಿನ್ನ ಉತ್ತರದ ದೊಡ್ಡ ಅಕ್ಷರ ನೋಡಿ, ಸಿಟ್ಟಿನಲ್ಲಿ ಬರೆದಿದ್ದೀ ಎಂದುಕೊಂಡೆ. ಪೆನ್ನು ಸರಿಯಿಲ್ಲ ಎಂದದ್ದನ್ನು ನಂಬಲೇ ಇಲ್ಲ, ಅದೊಂದು ಸರಿಯಾಯಿತು. ನೆಲಮಾಳಿಗೆಯ ಧೂಳು ನಿನ್ನ ಕಣ್ಣಿಗೆ ಆಗದೆಂದು ಅಮ್ಮ ಹೇಳುತ್ತಿದ್ದಾಳೆ. ನಾನೂ ಹೇಳುತ್ತೇನೆ.

ವಿಚಾರಣೆ ಮೊನ್ನೆ ಮುಗಿಯಿತು. ಸಾಮಗ್ರಿಯ ಆರೋಪ ನನ್ನ ಕಾಗದದಿಂದ ಬಿದ್ದುಹೋಯಿತು. ಆದೇಶ ಉಲ್ಲಂಘನೆಯ ಆರೋಪ ಉಳಿಯಿತು. ಅದಕ್ಕೆ ಸ್ಥಳ ತನಿಖೆ. ಮಳೆ ನಿಂತು ಒಂದು ವಾರವಾಗಿತ್ತು. ವಿಚಾರಣಾಧಿಕಾರಿ, ಮುಖ್ಯಾಧಿಕಾರಿ, ನಿಮ್ಮ ಇಲಾಖೆಯ ಒಬ್ಬ ಎಂಜಿನಿಯರ್, ಟೇಪು ಹಿಡಿದ ಇಬ್ಬರು, ಡಾಂಬರಣ್ಣ, ಬರೆದುಕೊಳ್ಳಲು ನಾನು. ಡಿಪೋದಿಂದ ಸೇತುವೆಯವರೆಗೆ ನಡೆದೆವು. ಮುಚ್ಚಿದ ಗುಂಡಿ ಒಂದೊಂದರ ಉದ್ದ, ಅಗಲ, ಡಿಪೋದಿಂದ ದೂರ ಬರೆಯಬೇಕು. ಅದಿಲ್ಲದೆ ನಮೂನೆ ಪೂರ್ಣವಾಗುವುದಿಲ್ಲ.

ತೆರೆದ ಗುಂಡಿ ನೂರ ನಲವತ್ತಮೂರು ಸಿಕ್ಕಿತು. ಮುಚ್ಚಿದ್ದು ಒಂದೂ ಸಿಗಲಿಲ್ಲ. ಅದೇ ರಸ್ತೆಯ ಚೂರು, ಅದೇ ಹಳೆಯ ಬಣ್ಣ. ಮಳೆ, ಚಕ್ರ ಎರಡೂ ಅವುಗಳ ಮೇಲೆ ಹಾದು ಹೋಗಿವೆ. ಎಂಜಿನಿಯರ್ ಎರಡು ಕಡೆ ಬಗ್ಗಿ ಮುಟ್ಟಿ ನೋಡಿ, ‘ಇದು ಮೂಲ ರಸ್ತೆ’ ಎಂದರು. ಅದರಲ್ಲೊಂದು ಹಿಟ್ಟಿನ ಗಿರಣಿಯ ಮುಂದಿನದು.

‘ತುಂಬಿದ್ದು ಹೌದಲ್ಲ?’ ಎಂದು ವಿಚಾರಣಾಧಿಕಾರಿ ಕೇಳಿದರು.

‘ಹೌದು ಸಾರ್’ ಎಂದರು ಡಾಂಬರಣ್ಣ.

‘ಹಾಗಾದ್ರೆ ತೋರಿಸಿ.’

ಡಾಂಬರಣ್ಣ ರಸ್ತೆಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ‘ಕಾಣೋ ಹಾಗೆ ತುಂಬಿದ್ರೆ ತೋರಿಸಬಹುದಿತ್ತು ಸಾರ್. ಮೂವತ್ತೊಂದು ವರ್ಷ ಆಯ್ತು, ಹಾಗೆ ಕೆಟ್ಟದಾಗಿ ತುಂಬಕ್ಕೆ ಬರಲ್ಲ’ ಎಂದರು.

ಮುಖ್ಯಾಧಿಕಾರಿ ಕೆಮ್ಮಿದರು. ಅಳತೆಯ ಕಾಲಂ ಖಾಲಿ ಉಳಿಯಿತು. ಖಾಲಿ ಕಾಲಂ ಇಟ್ಟುಕೊಂಡು ಆರೋಪ ರುಜುವಾತು ಮಾಡುವಂತಿಲ್ಲ. ಡಾಂಬರಣ್ಣ ಸೋಮವಾರದಿಂದ ಕೆಲಸಕ್ಕೆ ಬರುತ್ತಾರೆ. ಪಿಂಚಣಿಗೆ ತೊಂದರೆಯಿಲ್ಲ. ನನ್ನ ಪರೀಕ್ಷಾ ಅವಧಿಯನ್ನು ಇನ್ನೂ ಆರು ತಿಂಗಳು ವಿಸ್ತರಿಸಿದ್ದಾರೆ. ಕಾಗದ ಬರೆಯುವ ಕೆಲಸ ತೆಗೆದು, ಜನನ ಮರಣ ದಾಖಲೆಗೆ ಕೂರಿಸಿದ್ದಾರೆ. ಅಲ್ಲಿ ಸೇರಿಸಿ ಬರೆಯಲು ಜಾಗವೇ ಇಲ್ಲ, ಒಳ್ಳೆಯದೇ ಆಯಿತು. ದಾದಿ ವಾರಕ್ಕೆರಡು ಸಲ ಹೊಸ ಮಕ್ಕಳ ಪಟ್ಟಿ ತರುತ್ತಾರೆ. ಕೈ ಇನ್ನೂ ಪೂರ್ತಿ ಮಡಚಲು ಬರುವುದಿಲ್ಲ.

ರಸ್ತೆಯ ವಿವಾದ ಹಾಗೇ ಇದೆ. ಹೊಸ ಕಾಗದಗಳನ್ನು ಬೇರೆ ಯಾರೋ ಬರೆಯುತ್ತಾರೆ, ನಿಮ್ಮ ಕಡೆಯಿಂದಲೂ ಬೇರೆ ಯಾರೋ.

ಒಂದು ವಿಷಯ ನಿನಗೆ ಮಾತ್ರ. ಆ ಹನ್ನೊಂದೂ ಎಲ್ಲೆಲ್ಲಿವೆ ಎಂದು ನನಗೆ ಗೊತ್ತಿತ್ತು. ಮೂರು ವಾರ ದಿನಾ ಎಣಿಸಿದವಳು ನಾನು. ತನಿಖೆಯ ದಿನ ಒಂದೊಂದರ ಮೇಲೂ ಕಾಲಿಟ್ಟು ದಾಟಿದೆ. ಗಿರಣಿಯ ಮುಂದೆ ವಿಚಾರಣಾಧಿಕಾರಿ ನನ್ನ ಕಡೆ ತಿರುಗಿ, ‘ನೀನು ನೋಡಿದೀಯಲ್ಲಮ್ಮ, ಯಾವ ಜಾಗ?’ ಎಂದು ಕೇಳಿದರು. ಡಾಂಬರಣ್ಣ ನನ್ನನ್ನು ನೋಡಲಿಲ್ಲ, ಆಕಾಶ ನೋಡುತ್ತಿದ್ದರು. ನಾನು ಅದೇ ಜಾಗದ ಮೇಲೆ ನಿಂತಿದ್ದೆ. ಏನೂ ಹೇಳಲಿಲ್ಲ. ‘ಇವಳಿಗೆ ಮಾತೇ ಬರಲ್ಲ ಬಿಡಿ ಸಾರ್’ ಎಂದರು ಮುಖ್ಯಾಧಿಕಾರಿ. ಅವರು ಹಾಗೆ ಹೇಳಿದ್ದು ಗೊತ್ತಿಲ್ಲದೆ ಎಂದು ನನಗೆ ಅನ್ನಿಸುವುದಿಲ್ಲ.

ಇದಕ್ಕೆ ಸ್ಟಾಂಪು ಅಂಟಿಸಿದ್ದೇನೆ. ಅಂಚೆ ಪೆಟ್ಟಿಗೆಗೆ ಹಾಕಲು ನಾನೇ ನಡೆದು ಹೋಗುತ್ತೇನೆ. ಪೆಟ್ಟಿಗೆ ಇರುವುದು ಗಿರಣಿಯ ಆಚೆ.

ನಿನ್ನ
ಮೌನಿ